ಪಿಂಚಣಿ, ಬಿಪಿಎಲ್ ಕಾರ್ಡ್, ಗೃಹಲಕ್ಷ್ಮಿ: ಯಾವುದಕ್ಕೆ ಯಾರ ಆದಾಯ ಲೆಕ್ಕ? ಅರ್ಜಿಯಿಂದ ಪಾಸ್‌ಬುಕ್‌ವರೆಗೆ

ಹೋಬಳಿಕಡತ

ವೃದ್ಧಾಪ್ಯ ವೇತನದ ಅರ್ಜಿ ವಜಾ ಆಯಿತು, ಬಿಪಿಎಲ್ ಕಾರ್ಡ್ ಎಪಿಎಲ್ ಆಯಿತು, ಇನ್ನು ಏನೂ ಸಿಗಲ್ಲವೇ ಎಂಬ ಪ್ರಶ್ನೆಗಳು ಈ ಚರ್ಚಾ ವೇದಿಕೆಯಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಬಹುಪಾಲು ಗೊಂದಲದ ಬುಡ ಒಂದೇ. ಒಂದು ಯೋಜನೆಯ ಆದಾಯ ಮಿತಿಯನ್ನು ಇನ್ನೊಂದಕ್ಕೂ ಅನ್ವಯಿಸಿಕೊಂಡು ಜನ ಅರ್ಜಿಯನ್ನೇ ಹಾಕುವುದಿಲ್ಲ, ಇಲ್ಲವೇ ತಪ್ಪು ಯೋಜನೆಗೆ ಹಾಕುತ್ತಾರೆ. ಪ್ರತಿ ಯೋಜನೆಯೂ "ಕುಟುಂಬ" ಅಂದರೆ ಯಾರು ಎಂಬುದನ್ನು ಬೇರೆ ಬೇರೆ ರೀತಿ ಎಣಿಸುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು.

ಆದ್ಯತಾ ಪಡಿತರ ಚೀಟಿಗೆ, ಅಂದರೆ ನಾವು ಬಿಪಿಎಲ್ ಅನ್ನುವ ಕಾರ್ಡಿಗೆ, ಚೀಟಿಯಲ್ಲಿರುವ ಎಲ್ಲರ ಆದಾಯ ಸೇರುತ್ತದೆ. ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರಬಾರದು. ಆದಾಯ ಕಡಿಮೆ ಇದ್ದರೂ ಮನೆಯಲ್ಲಿ ಸರ್ಕಾರಿ ನೌಕರರು ಅಥವಾ ಆದಾಯ ತೆರಿಗೆ ಕಟ್ಟುವವರು ಇದ್ದರೆ, 3 ಹೆಕ್ಟೇರ್‌ಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಇದ್ದರೆ, ಪಟ್ಟಣದಲ್ಲಿ 1,000 ಚದರಡಿ ಮೀರಿದ ಸ್ವಂತ ಪಕ್ಕಾ ಮನೆ ಇದ್ದರೆ, ಬಿಳಿ ಬೋರ್ಡಿನ ಕಾರು ಇದ್ದರೆ ಕಾರ್ಡ್ ಇಲ್ಲ. ಹೊಟ್ಟೆಪಾಡಿಗೆ ಓಡಿಸುವ ಒಂದು ಟ್ಯಾಕ್ಸಿ ಅಥವಾ ಟ್ರ್ಯಾಕ್ಟರ್‌ಗೆ ವಿನಾಯಿತಿ ಇದೆ.

ಸಂಧ್ಯಾ ಸುರಕ್ಷಾಕ್ಕೆ (ರಾಜ್ಯ ಸರ್ಕಾರ ಹಿರಿಯರಿಗೆ ಕೊಡುವ ಪಿಂಚಣಿ, 65 ತುಂಬಿರಬೇಕು, ತಿಂಗಳಿಗೆ 1,200) ನೋಡುವುದು ಗಂಡ ಹೆಂಡತಿ ಇಬ್ಬರ ಆದಾಯ ಮಾತ್ರ. ಮಿತಿ ವರ್ಷಕ್ಕೆ 32,000. ಜೊತೆಗೆ ಇಬ್ಬರ ಠೇವಣಿ ಸೇರಿ 10,000 ರೂಪಾಯಿ ಮೀರಬಾರದು ಎಂಬ ಷರತ್ತೂ ಇದೆ. ಇದನ್ನು ಯಾರೂ ಓದಿರುವುದಿಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ 60ಕ್ಕೇ ಶುರುವಾಗುತ್ತದೆ. 65ರವರೆಗೆ 800, ಆಮೇಲೆ 1,200. ಇದಕ್ಕೆ ಬಡತನ ರೇಖೆಯ ಕೆಳಗಿರುವುದೇ ಮುಖ್ಯ.

ಗೃಹಲಕ್ಷ್ಮಿಗೆ ಆದಾಯ ಮಿತಿಯೇ ಇಲ್ಲ. ಕಾರ್ಡಿನ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರು ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿರಬಾರದು, ಅಷ್ಟೆ. ಎಪಿಎಲ್ ಕಾರ್ಡಿಗೂ ತಿಂಗಳಿಗೆ 2,000 ಬರುತ್ತದೆ.

ಒಂದು ಮನೆ ತೆಗೆದುಕೊಳ್ಳಿ. ಅಪ್ಪನಿಗೆ 67, ಅಮ್ಮನಿಗೆ 62, ಮಗ ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 13,000 ದುಡಿಯುತ್ತಾನೆ. ಅವನ ಸಂಬಳವೇ ವರ್ಷಕ್ಕೆ 1.56 ಲಕ್ಷ, ಹಾಗಾಗಿ ಬಿಪಿಎಲ್ ಇಲ್ಲ. ಅಮ್ಮನಿಗೆ 60ರ ವೃದ್ಧಾಪ್ಯ ವೇತನವೂ ಆಗದು. ಆದರೆ ಅಪ್ಪ ಅಮ್ಮನ ಕೂಲಿ ಸೇರಿ ವರ್ಷಕ್ಕೆ 24,000 ಇದ್ದರೆ ಅಪ್ಪ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಬಹುದು. ಅಮ್ಮ ಕಾರ್ಡಿನ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿ ಬರುತ್ತದೆ. ಬಿಪಿಎಲ್ ಹೋಯಿತು, ಎಲ್ಲ ಹೋಯಿತು ಎಂದು ಕೈಚೆಲ್ಲಿದರೆ ಈ ಮನೆ ತಿಂಗಳಿಗೆ 3,200 ಬಿಟ್ಟುಕೊಟ್ಟಂತೆ.

ತುಂಗಾತೀರ

ಸರ್, ಲೆಕ್ಕ ಸರಿ. ಆದರೆ ಮಗ ಅದೇ ಕಾರ್ಡಿನಲ್ಲಿ ಇದ್ದರೆ ಸ್ಥಳ ತನಿಖೆಯಲ್ಲಿ "ಮಗ ನೋಡಿಕೊಳ್ಳುತ್ತಾನೆ" ಅಂತ ಬರೆದು ಮುಗಿಸುತ್ತಾರಲ್ಲ?

ಹೋಬಳಿಕಡತ

ತುಂಗಾತೀರ ಅವರೇ, ಅದೇ ಎಡವುವ ಜಾಗ. 2007ರಲ್ಲಿ ಸಂಧ್ಯಾ ಸುರಕ್ಷಾ ಬಂದಾಗಲೇ ಈ ಮಾತು ಅದರಲ್ಲಿ ಇತ್ತು: ವಯಸ್ಸಿಗೆ ಬಂದ ಮಕ್ಕಳಿದ್ದ ಮಾತ್ರಕ್ಕೆ ಅನರ್ಹರಲ್ಲ, ಅವರು ಪೋಷಿಸುತ್ತಿಲ್ಲದಿದ್ದರೆ ಅರ್ಹರು. ಹಾಗಾಗಿ ಮಗನ ಸಂಬಳ ನೇರವಾಗಿ ಲೆಕ್ಕಕ್ಕೆ ಬರದಿದ್ದರೂ "ಪೋಷಣೆ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಮನೆಗೆ ಬಂದಾಗ ಕೇಳುವುದು ನಾಲ್ಕೈದು ಸಂಗತಿ: ಪಹಣಿ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಯಾರು ಉಳುತ್ತಾರೆ, ಮಕ್ಕಳು ಎಲ್ಲಿದ್ದಾರೆ, ಅಡುಗೆ ಒಂದೇ ಒಲೆಯಲ್ಲೋ ಬೇರೆಯೋ. ನಿಜ ಹೇಳಿ, ಪೂರ್ತಿ ಹೇಳಿ. ಮಗ ಬೆಂಗಳೂರಿನಲ್ಲಿದ್ದು ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವವನಾದರೆ ಹಾಗೇ ಹೇಳಿ, ಅಕ್ಕಪಕ್ಕದವರ ಹೇಳಿಕೆ ಪಡೆಯಿರಿ ಎಂದು ಕೇಳಿ. ತನಿಖೆ ದಿನ ಮನೆಯಲ್ಲಿ ಯಾರೂ ಇಲ್ಲದಿದ್ದರೆ "ವಾಸವಿಲ್ಲ" ಎಂದು ವರದಿ ಹೋಗುವ ಅಪಾಯವಿದೆ. ಕೂಲಿಗೆ ಹೋಗುವವರು ಪಕ್ಕದ ಮನೆಯವರಿಗೆ ಹೇಳಿಟ್ಟು ಹೋಗಲಿ.

ಕೌಂಟರ್ ನಂಬರ್ 2

ಅರ್ಜಿಯ ಕ್ರಮ ನಾನು ಬರೆಯುತ್ತೇನೆ. ಬಹಳ ಜನ ಹಿಂದುಮುಂದು ಮಾಡುತ್ತಾರೆ.

ಮೊದಲು ಆದಾಯ ಪ್ರಮಾಣ ಪತ್ರ. ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ಅಥವಾ ಗ್ರಾಮ ಒನ್‌ನಲ್ಲಿ ಹಾಕಬಹುದು. ಸಿಕ್ಕ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಮುಂದೆ ಎಲ್ಲ ಕಡೆ ಕೇಳುವುದು ಆ ಸಂಖ್ಯೆಯನ್ನೇ. ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಇಲ್ಲೊಂದು ತೊಡಕಿದೆ. ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಅಂತ ಮಾಡಿಸಿದ ಪತ್ರದಲ್ಲಿ ಇಡೀ ಮನೆಯ ಆದಾಯ 90,000 ಎಂದು ಇರುತ್ತದೆ. ಅದನ್ನೇ ಅಜ್ಜನ ಪಿಂಚಣಿಗೂ ಕೊಟ್ಟರೆ ಅಲ್ಲೇ ವಜಾ. ಅಜ್ಜ ಅಜ್ಜಿಯ ಆದಾಯಕ್ಕೆ ಅವರ ಹೆಸರಿನಲ್ಲೇ ಬೇರೆ ಅರ್ಜಿ ಹಾಕಿ, ಯಾವ ಉದ್ದೇಶಕ್ಕೆ ಎಂಬ ಕಡೆ ಪಿಂಚಣಿ ಎಂದೇ ಬರೆಸಿ.

ಆಮೇಲೆ ಪಿಂಚಣಿ ಅರ್ಜಿ. ಬೇಕಾದದ್ದು ಆಧಾರ್, ಪಡಿತರ ಚೀಟಿ, ವಯಸ್ಸಿನ ದಾಖಲೆ, ಪಾಸ್‌ಬುಕ್‌ನ ಮೊದಲ ಪುಟ, ಫೋಟೊ. ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣ ಪತ್ರ, ಅಂಗವಿಕಲ ವೇತನಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ). ಅದರಲ್ಲಿ ಅಂಗವೈಕಲ್ಯ ಶೇಕಡಾ 40ರಿಂದ 75ರೊಳಗೆ ಇದ್ದರೆ 800, ಮೇಲಿದ್ದರೆ 1,400.

ತಿರಸ್ಕಾರಕ್ಕೆ ಮುಖ್ಯ ಕಾರಣ ಹೆಸರು ಮತ್ತು ವಯಸ್ಸು. ಆಧಾರ್‌ನಲ್ಲಿ ಲಕ್ಷ್ಮಮ್ಮ, ಕಾರ್ಡ್‌ನಲ್ಲಿ ಲಕ್ಷ್ಮವ್ವ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಿ. ಮೂರನ್ನೂ ಬದಲಿಸಲು ಹೋಗಬೇಡಿ. ಆಧಾರ್‌ ಪ್ರಕಾರ ಉಳಿದ ಎರಡನ್ನು ಸರಿಪಡಿಸುವುದು ಸುಲಭ, ಅಗ್ಗ. ಜನ್ಮದಿನಾಂಕವೇ ತಪ್ಪಿದ್ದರೆ ಮಾತ್ರ ಆಧಾರ್ ಮುಟ್ಟಿ. ಅದನ್ನು ಒಂದು ಸಲ ಮಾತ್ರ ಬದಲಿಸಲು ಬಿಡುತ್ತಾರೆ, ಆದ್ದರಿಂದ ಗಟ್ಟಿ ದಾಖಲೆ ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು. ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರದಿದ್ದರೆ ಅದೇ ದಿನ ಅದನ್ನೂ ಮಾಡಿಸಿ, ಇಲ್ಲದಿದ್ದರೆ ಮುಂದೆ ಪ್ರತಿ ಹೆಜ್ಜೆಯಲ್ಲೂ ಒಟಿಪಿಗೆ ಪರದಾಟ.

ಓಡಾಡಲು ಆಗದ ಹಿರಿಯರಿದ್ದರೆ 155245ಕ್ಕೆ ಕರೆ ಮಾಡಿ. ಕಂದಾಯ ಇಲಾಖೆ 2022ರಲ್ಲಿ ಶುರು ಮಾಡಿದ ಸಹಾಯವಾಣಿ ಇದು. ಮನೆಗೇ ಬಂದು ನವೋದಯ ಆ್ಯಪ್‌ನಲ್ಲಿ ಫೋಟೊ, ದಾಖಲೆ ತೆಗೆದುಕೊಳ್ಳುವ ವ್ಯವಸ್ಥೆ.

ಸ್ವೀಕೃತಿ ಚೀಟಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಅದರಲ್ಲಿ ಅರ್ಜಿ ಸಂಖ್ಯೆ, ದಿನಾಂಕ ಇದೆಯೇ ನೋಡಿ. ತಕ್ಷಣ ಫೋಟೊ ತೆಗೆದಿಡಿ, ಆ ಕಾಗದದ ಮಸಿ ಬೇಗ ಮಾಸುತ್ತದೆ.

ಮಲಪ್ರಭಾ

ನಮ್ಮ ಕಡೆ ವಿಧವಾ ವೇತನ 800 ತಗೊಳ್ಳೋ ಅಜ್ಜಿಯಂದಿರು ಭಾಳ ಮಂದಿ ಅದಾರ. 65 ತುಂಬೇತಿ. ಅವರಿಗೂ 1,200 ಬರಬೇಕಲ್ರೀ? ಹೊಸಾ ಅರ್ಜಿ ಹಾಕಿದ್ರ ತಗೋತಿಲ್ಲ.

ಹೋಬಳಿಕಡತ

ಅಮ್ಮಾ, ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ಆಧಾರ್ ಸಂಖ್ಯೆಯ ಮೇಲೆ ಈಗಾಗಲೇ ಒಂದು ಇದೆ ಎಂದು ಗೊತ್ತಾದರೆ ಹೊಸ ಅರ್ಜಿ ನಿಲ್ಲುತ್ತದೆ. ಇವರು ಹೊಸದಾಗಿ ಹಾಕಬಾರದು. ವಿಧವಾ ವೇತನದಿಂದ ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸಿ ಎಂದು ತಹಶೀಲ್ದಾರರಿಗೆ ಲಿಖಿತ ಮನವಿ ಕೊಡಬೇಕು. ಹಳೆಯ ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಲಗತ್ತಿಸಲಿ. ಹಳೆಯದನ್ನು ತಾವಾಗಿ ರದ್ದು ಮಾಡಿಸಿಕೊಂಡು ಹೊಸದಕ್ಕೆ ಕಾಯುವುದು ಬೇಡ. ನಡುವೆ ಎರಡೂ ಇಲ್ಲದ ತಿಂಗಳುಗಳು ಬರುತ್ತವೆ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆದಾಗ ಇಂಥವನ್ನು ಒಟ್ಟಿಗೆ ಕೊಟ್ಟರೆ ಬೇಗ ಆಗುತ್ತದೆ.

ಪಿಂಚಣಿ ಇದ್ದವರಿಗೆ ಗೃಹಲಕ್ಷ್ಮಿ ಇಲ್ಲ ಎಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತದೆ, ಅದು ತಪ್ಪು. ಎರಡೂ ಒಟ್ಟಿಗೆ ಬರುತ್ತವೆ.

ಪಾಸ್‌ಬುಕ್

ಮಂಜೂರು ಆಗಿಯೂ ಹಣ ಬಂದಿಲ್ಲ ಎನ್ನುವವರಿಗೆ ಇದು.

"ಬ್ಯಾಂಕ್‌ಗೆ ಆಧಾರ್ ಕೊಟ್ಟಿದ್ದೇವೆ" ಎಂದರೆ ಸಾಲದು. ಆಧಾರ್ ಪ್ರತಿಯನ್ನು ಕೆವೈಸಿಗೆ (ಬ್ಯಾಂಕಿನ ಗುರುತು ದೃಢೀಕರಣಕ್ಕೆ) ಕೊಡುವುದು ಒಂದು, ಎನ್‌ಪಿಸಿಐ (ಬ್ಯಾಂಕ್‌ಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಆಧಾರ್ ಎದುರು ನಿಮ್ಮ ಬ್ಯಾಂಕಿನ ಹೆಸರು ಕೂರುವುದು ಇನ್ನೊಂದು. ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಸರ್ಕಾರ ಕಳಿಸುವುದು ಆಧಾರ್ ಸಂಖ್ಯೆಗೆ. ಆ ಪಟ್ಟಿಯಲ್ಲಿ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ ಹಣ ಹೋಗುತ್ತದೆ. ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಆಗ ಬೆಲೆಯಿಲ್ಲ. ಒಂದು ಆಧಾರ್ ಎದುರು ಒಂದೇ ಬ್ಯಾಂಕ್ ಇರುತ್ತದೆ, ಕೊನೆಯಲ್ಲಿ ಜೋಡಣೆ ಮಾಡಿಸಿದ್ದೇ ಉಳಿಯುತ್ತದೆ. ಸಂಘದ ಸಾಲಕ್ಕೆಂದೋ ಇನ್ನಾವುದಕ್ಕೋ ಹೊಸ ಖಾತೆ ತೆರೆದಾಗ ಫಾರಂನಲ್ಲಿ ಒಂದು ಟಿಕ್ ಬಿದ್ದರೂ ಜೋಡಣೆ ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಹಣ ಬಂದಿಲ್ಲ ಎಂದು ಅಲೆಯುವವರಲ್ಲಿ ಎಷ್ಟೋ ಜನರ ಹಣ ಮರೆತುಹೋದ ಖಾತೆಯಲ್ಲಿ ಬಿದ್ದಿರುತ್ತದೆ.

ನೋಡುವುದು ಹೀಗೆ. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ಒಳಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು, ಆ್ಯಕ್ಟಿವ್ ಅಥವಾ ಇನ್‌ಆ್ಯಕ್ಟಿವ್, ಕೊನೆಗೆ ಬದಲಾದ ದಿನಾಂಕ ಕಾಣುತ್ತದೆ. ಖಾತೆ ಸಂಖ್ಯೆ ತೋರಿಸುವುದಿಲ್ಲ. ಹಾಗಾಗಿ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಶಾಖೆಯಲ್ಲೇ ಕೇಳಬೇಕು. ಸಾದಾ ಫೋನಿದ್ದರೆ *99*99*1# ಒತ್ತಿಯೂ ನೋಡಬಹುದು. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯಿಂದ ಯಾವ ದಿನ ಎಷ್ಟು ಹೋಗಿದೆ ಎಂಬುದೂ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೊಂದರೆ ಕಂದಾಯ ಇಲಾಖೆಯದೋ ಬ್ಯಾಂಕಿನದೋ ಗೊತ್ತಾಗುತ್ತದೆ. ಆ್ಯಪ್‌ನಲ್ಲಿ ಪಾವತಿಯೇ ಕಾಣದಿದ್ದರೆ ನಾಡಕಚೇರಿಗೆ ಹೋಗಿ. ಪಾವತಿ ಕಂಡರೆ ಅಲ್ಲಿ ಬರೆದಿರುವ ಬ್ಯಾಂಕಿಗೆ ಹೋಗಿ.

ಇನ್ನೊಂದು ತೊಡಕು ಯಾರೂ ಹೇಳುವುದಿಲ್ಲ. ಪೂರ್ಣ ಕೆವೈಸಿ ಇಲ್ಲದೆ ತೆರೆದ ಜನಧನ್ "ಸಣ್ಣ ಖಾತೆ"ಗಳಲ್ಲಿ ಶಿಲ್ಕು 50,000 ಮೀರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ದಾಟುವಂತಿಲ್ಲ. ಪಿಂಚಣಿ, ಗೃಹಲಕ್ಷ್ಮಿಯಂಥ ಸರ್ಕಾರಿ ನೆರವಿನ ಜಮೆಗೆ ಶಿಲ್ಕಿನ ಮಿತಿ ಅನ್ವಯಿಸುವುದಿಲ್ಲ ಎಂಬ ವಿನಾಯಿತಿ ನಿಯಮದಲ್ಲೇ ಇದೆ. ಆದರೆ ಬೇರೆ ಹಣ ಜಮೆ ಮಾಡುವಾಗ ಆ ಮಿತಿ ಅಡ್ಡ ಬರುತ್ತದೆ. ಮೊಮ್ಮಗಳ ಮದುವೆಗೆಂದು ಹಣ ಮುಟ್ಟದೆ ಇಡುವ ಅಜ್ಜಿಯರು ಒಮ್ಮೆ ಆಧಾರ್ ಮತ್ತು ಪಾನ್ (ಇಲ್ಲದಿದ್ದರೆ ಪಾನ್ ಇಲ್ಲ ಎಂಬ ಘೋಷಣೆಯ ಫಾರಂ) ಕೊಟ್ಟು ಖಾತೆಯನ್ನು ಪೂರ್ಣ ಕೆವೈಸಿಗೆ ಬದಲಿಸಿಕೊಳ್ಳಲಿ.

ತುಂಗಾತೀರ

ಬಂದ ಪಿಂಚಣಿಯನ್ನು ಬ್ಯಾಂಕಿನವರು ಬೆಳೆಸಾಲಕ್ಕೆ ಮುರಿದುಕೊಂಡರೆ?

ಪಾಸ್‌ಬುಕ್

ಇಂಥ ಹಣವನ್ನು ಸಾಲಕ್ಕೆ ಹೊಂದಿಸಬಾರದು ಎಂದು ರಾಜ್ಯ ಸರ್ಕಾರ ಬ್ಯಾಂಕ್‌ಗಳಿಗೆ ಸೂಚಿಸಿದೆ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿ ಬರಬೇಡಿ. ಪಾಸ್‌ಬುಕ್ ನಮೂದು ಮಾಡಿಸಿ, ಜಮೆಯಾದ ಸಾಲು ಮತ್ತು ಮುರಿದುಕೊಂಡ ಸಾಲು ಎರಡಕ್ಕೂ ಗುರುತು ಹಾಕಿ, ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ಅದೇ ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಕೊಡಿ. ಪಿಂಚಣಿಗೆ ಸಾಲವಿಲ್ಲದ ಬೇರೆ ಖಾತೆ ಇಡುವುದೇ ಕ್ಷೇಮ. ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಕನಿಷ್ಠ ಶಿಲ್ಕಿಲ್ಲದೆ ಆಗುತ್ತದೆ, ಆಧಾರ್ ಜೋಡಣೆಯನ್ನೂ ಅಲ್ಲೇ ಮಾಡಿಕೊಡುತ್ತಾರೆ.

ತೆರಿಗೆಪುಟ

ಗೃಹಲಕ್ಷ್ಮಿಯಲ್ಲಿ "ತೆರಿಗೆ ಪಾವತಿದಾರರು" ಎಂದು ಹೆಸರು ಬಂದವರ ಗೋಳು ಬೇರೆಯೇ ಇದೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಮನೆ ಸಾಲಕ್ಕೆ ಬೇಕೆಂದು ಶೂನ್ಯ ತೆರಿಗೆಯ ರಿಟರ್ನ್ ಹಾಕಿದವರು, ಠೇವಣಿಯ ಬಡ್ಡಿಯಲ್ಲಿ ಬ್ಯಾಂಕ್ ಮೊದಲೇ ಕಡಿತ ಮಾಡಿದ ತೆರಿಗೆ (ಟಿಡಿಎಸ್) ವಾಪಸ್ ಪಡೆಯಲು ಹಾಕಿದವರು ಈ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಇಂಥವರು ರಿಟರ್ನ್‌ಗೆ ಉತ್ತರವಾಗಿ ಬಂದ 143(1) ಸೂಚನಾ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಪಾವತಿಸಬೇಕಾದ ತೆರಿಗೆ ಸೊನ್ನೆ ಎಂದು ಇರುತ್ತದೆ. ಅದನ್ನು ಲಗತ್ತಿಸಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಮನವಿ ಕೊಡಿ. ಜಿಎಸ್‌ಟಿ ಎಂದು ಬಂದಿದ್ದರೆ ನೋಂದಣಿ ರದ್ದತಿ ಆದೇಶವೋ ನೋಂದಣಿಯೇ ಇಲ್ಲ ಎಂಬ ದೃಢೀಕರಣವೋ ವಾಣಿಜ್ಯ ತೆರಿಗೆ ಕಚೇರಿಯಿಂದ ಬೇಕು. ಅಂಗಡಿ ಮುಚ್ಚಿ ವರ್ಷಗಳಾದರೂ ಜಿಎಸ್‌ಟಿ ಸಂಖ್ಯೆ ರದ್ದು ಮಾಡಿಸದೆ ಬಿಟ್ಟವರು ಮೊದಲು ಅದನ್ನು ಮುಗಿಸಲಿ.

ಬಡ್ಡಿಗೆ ಟಿಡಿಎಸ್ ಬೀಳದಂತೆ 60 ಮೀರಿದವರು ವರ್ಷದ ಮೊದಲಲ್ಲೇ ತೆರಿಗೆ ಕಡಿತ ಬೇಡ ಎಂಬ ಸ್ವಘೋಷಣೆಯ ಫಾರಂ ಕೊಟ್ಟರೆ ರಿಟರ್ನ್ ಹಾಕುವ ಪ್ರಸಂಗವೇ ಬರದು. ಅಷ್ಟು ಠೇವಣಿ ಇರುವವರು ಸಂಧ್ಯಾ ಸುರಕ್ಷಾಕ್ಕೆ ಅರ್ಹರಲ್ಲ ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಕೌಂಟರ್ ನಂಬರ್ 2

ಗೃಹಲಕ್ಷ್ಮಿ ನೋಂದಣಿಗೆ ಶುಲ್ಕವಿಲ್ಲ. ಯಾರಾದರೂ ಕೇಳಿದರೆ 1902ಕ್ಕೆ ದೂರು ಕೊಡಿ.

ಯಜಮಾನಿ ತೀರಿಕೊಂಡರೆ ಆ ಹಣ ಸೊಸೆಗೆ ತಾನಾಗಿ ಬರುವುದಿಲ್ಲ. ಮರಣ ಪ್ರಮಾಣ ಪತ್ರ ಕೊಟ್ಟು ಕಾರ್ಡಿನಿಂದ ಹೆಸರು ತೆಗೆಸಬೇಕು, ಮುಂದಿನ ಹಿರಿಯ ಹೆಂಗಸನ್ನು ಮುಖ್ಯಸ್ಥೆ ಮಾಡಿಸಬೇಕು, ಆಮೇಲೆ ಅವರ ಹೆಸರಿನಲ್ಲಿ ಹೊಸ ಅರ್ಜಿ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ 18 ತುಂಬಿದ ಹಿರಿಯ ಮಹಿಳೆಯೇ ಮುಖ್ಯಸ್ಥೆ. ಆದ್ದರಿಂದ ಕಾರ್ಡಿನಲ್ಲಿ ಗಂಡಸಿನ ಹೆಸರು ಮೊದಲಿದ್ದರೆ ಬದಲಿಸಿ ಎಂದು ಕೇಳಲು ಹಿಂಜರಿಯಬೇಡಿ. ತಿದ್ದುಪಡಿಗೆ ಆಹಾರ ಇಲಾಖೆಯ ಸರ್ವರ್ ಎಲ್ಲ ದಿನ ತೆರೆದಿರುವುದಿಲ್ಲ. ತೆರೆಯುವ ದಿನ ಮೊದಲೇ ಕೇಳಿಕೊಂಡು, ಎಲ್ಲರ ಆಧಾರ್ ಸಿದ್ಧವಿಟ್ಟುಕೊಳ್ಳಿ.

ಮಲಪ್ರಭಾ

ಗೋವಾ, ಮುಂಬೈಗೆ ದುಡಿಯಾಕ ಹೋದವರ ರೇಷನ್?

ಕೌಂಟರ್ ನಂಬರ್ 2

ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಆದ್ಯತಾ ಮತ್ತು ಅಂತ್ಯೋದಯ ಕಾರ್ಡಿನವರು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡೆಯಬಹುದು. ಸಿಗುವುದು ಕೇಂದ್ರದ ಪಾಲು ಮಾತ್ರ, ಆದ್ಯತಾ ಕಾರ್ಡಿಗೆ ತಲಾ 5 ಕಿಲೊ. ಕರ್ನಾಟಕ ಹೆಚ್ಚುವರಿಯಾಗಿ ಕೊಡುವುದು ಅಲ್ಲಿ ಸಿಗದು. ಕುಟುಂಬ ಅರ್ಧ ಊರಲ್ಲಿ, ಅರ್ಧ ಗೋವಾದಲ್ಲಿ ಇದ್ದರೆ ಪಾಲು ಮಾಡಿ ಎರಡೂ ಕಡೆ ಪಡೆಯಬಹುದು. ಹೋದವರ ಇ-ಕೆವೈಸಿ ಬಾಕಿ ಇದ್ದರೆ ಅವರ ಹೆಸರು ಕಾರ್ಡಿನಿಂದ ಹೋಗುವ ಭಯವಿದೆ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ನ್ಯಾಯಬೆಲೆ ಅಂಗಡಿಗೆ ಹೋಗಿ ಮುಗಿಸಲಿ.

ತುಂಗಾತೀರ

ಕಾರ್ಡ್ ಒಡೆದು ಅಪ್ಪ ಅಮ್ಮನದು ಬೇರೆ ಮಾಡಿದರೆ ಎಲ್ಲ ಸಲೀಸು ಎನ್ನುವವರಿದ್ದಾರೆ. ನಿಮ್ಮ ಅಭಿಪ್ರಾಯ?

ಹೋಬಳಿಕಡತ

ನಿಜವಾಗಿ ಬೇರೆ ಒಲೆ, ಬೇರೆ ಸಂಸಾರ ಆಗಿದ್ದರೆ ಮಾಡಿಸಿ, ಅದು ಹಕ್ಕು. ಹಣಕ್ಕಾಗಿ ಕಾಗದದಲ್ಲಿ ಮಾತ್ರ ಬೇರೆಯಾಗುವುದನ್ನು ನಾನು ಒಪ್ಪುವುದಿಲ್ಲ. ಆಹಾರ ನಿರೀಕ್ಷಕರು ಬಂದು ನೋಡುತ್ತಾರೆ, ಸಿಕ್ಕಿಬಿದ್ದರೆ ಎರಡೂ ಕಾರ್ಡ್ ಹೋಗಬಹುದು, ಪಡೆದ ಅಕ್ಕಿಯ ಬೆಲೆ ಕಟ್ಟಬೇಕಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಆಸ್ಪತ್ರೆಯಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ಗೆ ವೆಚ್ಚದ ಶೇಕಡಾ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಸುಳ್ಳು ಕಾಗದದ ಮೇಲೆ ನಿಂತ ಕಾರ್ಡು ಹೃದಯದ ಆಪರೇಷನ್ ಹೊತ್ತಿಗೆ ರದ್ದಾದರೆ ಆ ಮನೆಯ ಗತಿ ಏನು?

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳು ಎಪಿಎಲ್ ಆದಾಗ ಬಹಳ ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರದನ್ನು ಮರಳಿಸಲು ಸರ್ಕಾರ ಹೇಳಿತು. ಅರ್ಹರಿದ್ದೂ ಇನ್ನೂ ಎಪಿಎಲ್ ಎಂದೇ ಇರುವವರು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಆದಾಯ ಪ್ರಮಾಣ ಪತ್ರದೊಂದಿಗೆ ಮನವಿ ಕೊಡಿ.

ಮಲಪ್ರಭಾ

ಅರ್ಜಿ ವಜಾ ಅಂದ್ರು. ಯಾಕ ಅಂತ ಹೇಳ್ತಿಲ್ರೀ. ಮುಂದ?

ಹೋಬಳಿಕಡತ

ಕಾರಣವಿಲ್ಲದ ವಜಾವನ್ನು ಒಪ್ಪಿಕೊಂಡು ಬರಬೇಡಿ. ಲಿಖಿತ ಹಿಂಬರಹ (ಕಾರಣ ತಿಳಿಸುವ ಪತ್ರ) ಕೇಳಿ. ಅದರ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಹಿಂಬರಹವನ್ನೇ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೀಗೆ ಬರೆಯಿರಿ: "ಅರ್ಜಿ ಸಂಖ್ಯೆ ಇಂತಿಷ್ಟಕ್ಕೆ ಸಂಬಂಧಿಸಿದ ಸ್ಥಳ ತನಿಖಾ ವರದಿ, ಕಂದಾಯ ನಿರೀಕ್ಷಕರ ಶಿಫಾರಸು ಮತ್ತು ಅಂತಿಮ ಆದೇಶದ ದೃಢೀಕೃತ ಪ್ರತಿ ಕೊಡಿ." ಯಾಕೆ, ಏನು ಎಂದು ಪ್ರಶ್ನೆ ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಕಾಗದದ ಪ್ರತಿ ಕೇಳಿದರೆ 30 ದಿನದಲ್ಲಿ ಕೊಡಲೇಬೇಕು.

ವಜಾವೂ ಇಲ್ಲ, ಮಂಜೂರೂ ಇಲ್ಲ, ಸುಮ್ಮನೆ ಬಾಕಿ ಎಂದಿದ್ದರೆ ಸ್ವೀಕೃತಿಯಲ್ಲಿರುವ 15 ಅಂಕಿಯ ಸಕಾಲ ಸಂಖ್ಯೆ (ಗಡುವಿನೊಳಗೆ ಸೇವೆ ಕೊಡಬೇಕೆಂಬ ವ್ಯವಸ್ಥೆಯದು) ಹಿಡಿಯಿರಿ. ಗಡುವು ಮೀರಿದ್ದರೆ 2011ರ ಸಕಾಲ ಕಾಯ್ದೆಯಡಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ಆ ಮೇಲ್ಮನವಿ ದಾಖಲಾದ ಕೂಡಲೇ ಕಡತ ಯಾರ ಮೇಜಿನ ಮೇಲೆ ಕೂತಿದೆ ಎಂಬುದು ಮೇಲಧಿಕಾರಿಗೆ ಕಾಣುತ್ತದೆ.

ಪಾಸ್‌ಬುಕ್

ವರ್ಷಗಟ್ಟಲೆ ಬರುತ್ತಿದ್ದ ಪಿಂಚಣಿ ಒಮ್ಮೆಲೇ ನಿಂತವರು ಮೊದಲು ಜೋಡಣೆ ನೋಡಿ. ಅದು ಸರಿಯಿದ್ದರೆ ಭೌತಿಕ ಪರಿಶೀಲನೆಯಲ್ಲಿ "ಮರಣ" ಅಥವಾ "ವಿಳಾಸದಲ್ಲಿಲ್ಲ" ಎಂದು ಗುರುತಾಗಿರಬಹುದು. ಫಲಾನುಭವಿಯೇ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಹಾಜರಾಗಿ, ಪಿಂಚಣಿ ಪುನರಾರಂಭಕ್ಕೆ ಅರ್ಜಿ ಕೊಡಬೇಕು. ನಿಂತ ತಿಂಗಳಿನಿಂದ ಬಾಕಿ ಕೊಡಿ ಎಂಬ ಸಾಲನ್ನು ಅದೇ ಅರ್ಜಿಯಲ್ಲಿ ತಿಂಗಳ ಹೆಸರು ಸಮೇತ ಬರೆಯಿರಿ, ಕೊನೆಯ ಜಮೆ ಕಾಣುವ ಪಾಸ್‌ಬುಕ್ ಪುಟ ಲಗತ್ತಿಸಿ.